ಹದಿನೇಳನೇ ನಂಬರ್, ಸ್ವಭಾವ ಶಾಂತ

ಆ ಹಾಳುಬಾವಿ ಹತ್ತಿರ ಬರೋವರೆಗೂ ಅಕ್ಕನಿಗೆ ಏನೂ ಅನ್ನಿಸಿರಲಿಲ್ಲ. ಅಕ್ಕ ಅಂದ್ರೆ ನನ್ನ ದೊಡ್ಡಮ್ಮನ ಮಗಳು. ಹೆದರೋ ಪೈಕಿ ಅಲ್ಲ, ಹಲ್ಲಿ ಬಿದ್ರೆ ಕೈಯಲ್ಲೇ ಎತ್ತಿ ಆಚೆ ಬಿಡೋಳು. ಮನೆಯಲ್ಲಿ ಹೆದರುಪುಕ್ಕಲು ಅಂತ ಹೆಸರಾಗಿರೋದು ನಾನು. ಅವತ್ತು ಒಂಬತ್ತು ಗಂಟೆ ಮೀರಿತ್ತು, ಕೆಲಸ ಮುಗಿಸಿ ಒಬ್ಬಳೇ ನಡ್ಕೊಂಡು ಬರ್ತಿದ್ಲು. ಕೈಯಲ್ಲಿ ಖಾಲಿ ಊಟದ ಡಬ್ಬಿ, ಒಳಗೆ ಚಮಚ. ಹೆಜ್ಜೆಗೊಂದು ಸಲ... ಟಣ್.

ಹಿಂದಿನಿಂದ... ಟಿಕ್ ಟಿಕ್, ಟಿಕ್ ಟಿಕ್.

ನಿಂತ್ಲು. ಅದೂ ನಿಂತಿತು.

ಆ ಸದ್ದು ಯಾವುದು ಅಂತ ಅವಳಿಗೆ ಗೊತ್ತು. ನಿಮಗೆ ಗೊತ್ತಾಗ್ಬೇಕಾದ್ರೆ ಅವಳ ಕೆಲಸ ಏನು ಅಂತ ಹೇಳ್ಬೇಕು.

ಒಂದು ಸಂಶೋಧನಾಲಯದಲ್ಲಿ ಪ್ರಾಣಿಗಳನ್ನ ನೋಡ್ಕೊಳ್ಳೋ ಕೆಲಸ. ಸುಟ್ಟ ಗಾಯಕ್ಕೆ ಬೇರೆ ಚರ್ಮ ಕೂರಿಸೋದು ಹೇಗೆ ಅಂತ ಅಲ್ಲಿ ಪರೀಕ್ಷೆ ಮಾಡ್ತಾರೆ. ಯಾವ ಪ್ರಾಣಿ ಮೇಲೆ ಮಾಡೋದು ಅನ್ನೋದೇ ದೊಡ್ಡ ತಲೆನೋವು. ಇಲಿ, ಮೊಲ ಸಾಕೋದು ಸುಲಭ. ಆದ್ರೆ ಅವುಗಳ ಚರ್ಮ ಸಡಿಲ, ಗಾಯ ತಾನೇ ಎಳ್ಕೊಂಡು ಮುಚ್ಚಿಬಿಡುತ್ತೆ. ಕೂರಿಸಿದ್ದು ಹಿಡೀತೋ ಇಲ್ವೋ ಗೊತ್ತಾಗಲ್ಲ. ಹಂದಿಯದು ನಮ್ಮ ಹಾಗೇ, ಮೈಗೆ ಬಿಗಿಯಾಗಿ ಅಂಟಿಕೊಂಡಿರುತ್ತೆ. ಹಾಗಾಗಿ ಹಂದಿ. ಹಂದಿಗಳಲ್ಲೂ ಶಾಂತವಾಗಿರೋದೇ ಬೇಕು. ಗಲಾಟೆಯದು ಗೋಡೆಗೆ ಉಜ್ಜಿ ಬ್ಯಾಂಡೇಜ್ ಕಿತ್ಹಾಕುತ್ತೆ. ಪರೀಕ್ಷೆ ಮುಗಿದ ಮೇಲೆ... ಅದನ್ನ ಉಳಿಸಲ್ಲ. ಒಳಗೆ ಹೇಗೆ ಹಿಡಿದಿದೆ ಅಂತ ನೋಡ್ಬೇಕಲ್ಲ.

ಯಾವುದು ಶಾಂತ ಅಂತ ಪಟ್ಟಿಯಲ್ಲಿ ಬರೆಯೋಳು ಅಕ್ಕ.

ಹೆಸರಿಡಬಾರದು ಅಂತ ನಿಯಮ. ಇಡಲಿಲ್ಲ. ಆದ್ರೆ ಊಟ ಆದ ಮೇಲೆ ಡಬ್ಬಿಗೆ ಚಮಚ ತಟ್ಟಿ ಹದಿನೇಳನೇ ನಂಬರನ್ನ ಕರೆಯೋಳು. ಟಣ್. ಸಿಮೆಂಟ್ ನೆಲದ ಮೇಲೆ ಗೊರಸು ಟಿಕ್ ಟಿಕ್ ಅನ್ನಿಸ್ತಾ ಬರೋದು. ಒಂದು ಚೂರು ಕ್ಯಾರೆಟ್ ತಿಂದು, ಅವಳ ಎಡಗಾಲಿನ ಪಾದದ ಮೇಲೆ ತಲೆ ಇಟ್ಟು ಮಲಗೋದು. ಮುದ್ದು ಮಾಡಿ ಮಾಡಿ ಅದನ್ನ ಎಲ್ಲಕ್ಕಿಂತ ಶಾಂತ ಮಾಡಿಟ್ಲು, ಪೆದ್ದಿ. ತಾನೇನು ಮಾಡಿದೆ ಅಂತ ಆಮೇಲೆ ಹೊಳೀತು.

ಪಟ್ಟಿಯಲ್ಲಿ ಸುಳ್ಳು ಬರೆದ್ಲು. ಹದಿನೇಳು, ಸ್ವಭಾವ ಗಲಾಟೆ.

ಡಾಕ್ಟರ್ ಮೇಡಂ ನೋಡೋಕೆ ಬಂದ್ರು. ಕೆಟ್ಟವರಲ್ಲ, ಸುಟ್ಟ ಮಕ್ಕಳನ್ನ ನೋಡಿ ನೋಡಿ ನಿದ್ದೆಗೆಟ್ಟವರು. ಅಕ್ಕನ ಕೈಯಲ್ಲಿ ಆಗಲೂ ಡಬ್ಬಿ. ಬೆನ್ನ ಹಿಂದೆ ಮರೆಮಾಡೋಕೆ ಹೋದ್ಲು. ಟಣ್...

ಹದಿನೇಳು ಎದ್ದು ಬಂತು. ಪಾದದ ಮೇಲೆ ತಲೆ ಇಟ್ಟು ಕಣ್ಣು ಮುಚ್ಚಿತು.

"ಇದಾ ಗಲಾಟೆ?" ಮೇಡಂ ಮೆಲ್ಲಗೆ ಕೇಳಿದ್ರು.

"ಮೇಡಂ... ಇದೊಂದು ಬೇಡ."

"ಮತ್ತೆ ಯಾವುದು? ನೀವೇ ಹೇಳಿ."

ಇನ್ನೂ ಐದು ಹಂದಿ ಅವಳನ್ನೇ ನೋಡ್ತಾ ನಿಂತಿದ್ವು. ಯಾವುದನ್ನ ಹೇಳ್ತಾಳೆ? ಮೇಡಂ ಪಟ್ಟಿ ಇಸ್ಕೊಂಡು, ಒಂದು ಪದ ಹೊಡೆದುಹಾಕಿ ಇನ್ನೊಂದು ಬರೆದ್ರು.

ಚರ್ಮ ಚೆನ್ನಾಗೇ ಹಿಡೀತು. ಮೂರು ವಾರ ಕಳೀತು. ಪರೀಕ್ಷೆ ಮುಗಿಯಿತು, ಹದಿನೇಳೂ ಮುಗಿಯಿತು. ನಾನು ಹೇಳ್ತಿರೋದು ಅವತ್ತಿನ ರಾತ್ರಿ.

ಬಾವಿ ಹತ್ತಿರ ಡಬ್ಬಿನ ಎದೆಗೆ ಅವಚಿಕೊಂಡ್ಲು. ನಾಲ್ಕು ಹೆಜ್ಜೆ ಇಟ್ಲು... ಸದ್ದಿಲ್ಲ. ಐದನೇದಕ್ಕೆ ಕಲ್ಲು ಎಡವಿ ಡಬ್ಬಿ ಕೈಜಾರಿ, ಟಣ್ ಟಣ್ ಟಣ್ ಅಂತ ಉರುಳ್ತು.

ಟಿಕ್ ಟಿಕ್ ಟಿಕ್ ಟಿಕ್. ಈ ಸಲ ಓಡಿಕೊಂಡು ಬಂತು. ಮೊಣಕಾಲ ಹಿಂದೆ ಉಸಿರು... ಹುಫ್. ಹುಫ್.

ಓಡೋಕಾಗಲಿಲ್ಲ ಅಂತಾಳೆ. ಕರೆದವಳು ತಾನೇ ಅಲ್ವಾ, ಯಾವ ಮುಖ ಇಟ್ಕೊಂಡು ಓಡೋದು?

ಮನೆ ಬಾಗಿಲು ತೆಗೆದ ಭಾವ ಅವಳ ಬೆನ್ನ ಹಿಂದೆ ನೋಡಿದ್ರು.

"ಯಾರು ಬಂದಿದ್ದು ನಿನ್ ಜೊತೆ?"

"ಯಾರೂ ಇಲ್ಲ ರೀ."

"ಕಾಲಿನ ಸದ್ದು..."

"ಬಾಗಿಲು ಹಾಕಿ."

ಹಾಕಿದ್ರು. ಟಿಕ್ ಟಿಕ್... ಈಗ ಮನೆ ಒಳಗೇ ಕೇಳಿಸ್ತು.

ಆ ಚಮಚ ಎಸೆದಾಯ್ತು. ಅಕ್ಕ ಕೆಲಸವನ್ನೂ ಬಿಟ್ಲು. ಅವಳ ಜಾಗಕ್ಕೆ ಬೇರೆ ಯಾರೋ ಬಂದ್ರು, ಈಗ ಅವರು ಪಟ್ಟಿ ಬರೀತಾರೆ. ಏನು ಬದಲಾಯ್ತು?

ಅದು ಇನ್ನೂ ಹೋಗಿಲ್ಲ, ರಾತ್ರಿ ಬಾಗಿಲ ಹತ್ರ ಬಂದು ಮಲಗುತ್ತೆ ಅಂತಾಳೆ ಅಕ್ಕ. ನಗಬೇಡಿ. ನಾನೂ ಮೊದಲು ನಕ್ಕಿದ್ದೆ. ಹೋದ ತಿಂಗಳು ಅವಳ ಮನೆಯಲ್ಲಿ ಉಳ್ಕೊಂಡಾಗ, ಪರೀಕ್ಷೆ ಮಾಡೇಬಿಡೋಣ ಅಂತ ಬೆಳಗಿನ ಜಾವ ಎದ್ದೆ. ಎಲ್ಲರೂ ಮಲಗಿದ್ರು. ಬಾಗಿಲ ಒಳಗೆ ಅವಳ ಚಪ್ಪಲಿ, ರಾತ್ರಿ ಬಿಟ್ಟ ಹಾಗೇ ಇತ್ತು. ಮುಟ್ಟಿ ನೋಡ್ದೆ... ನಾನೇ, ಇದೇ ಕೈಯಲ್ಲಿ. ಬಲಗಾಲಿನದು ತಣ್ಣಗಿತ್ತು. ಎಡಗಾಲಿನದು ಬೆಚ್ಚಗಿತ್ತು.