ದೀಪೇಶ್‌ನನ್ನು ಗುರುತಿಸಿದ ಬಗ್ಗೆ ವಿಮಲಾ ಅವರ ಎರಡನೇ ಹೇಳಿಕೆ

ನಾನು ವಿಮಲಾ, ಗಂಡ ಮಹಾಬಲೇಶ್ವರ, ವಯಸ್ಸು 49, ಸಿಂಗಪುರದ ಉಬಿ ಕೈಗಾರಿಕಾ ಪ್ರದೇಶದ ಒಂದು ವೆಲ್ಡಿಂಗ್ ವರ್ಕ್‌ಶಾಪ್‌ನಲ್ಲಿ ಸ್ಟೋರ್‌ಕೀಪರ್, ಹುಟ್ಟೂರು ಉಡುಪಿ, ಹಾಲಿ ವಾಸ ಬೂನ್ ಲೇ, ಸಿಂಗಪುರ. ಸ್ವಇಚ್ಛೆಯಿಂದ ಪೊಲೀಸರ ಮುಂದೆ ಹಾಜರಾಗಿ, ದುಭಾಷಿಯ ಸಮಕ್ಷಮ ಈ ಮೂಲಕ ತಿಳಿಸುವುದೇನೆಂದರೆ,

ದಿನಾಂಕ 11-03-2024ರಂದು ಸಂಜೆ 4.20ಕ್ಕೆ ವರ್ಕ್‌ಶಾಪ್‌ನ ಹಿಂಬದಿಯಲ್ಲಿ ನಮ್ಮ ಸೂಪರ್‌ವೈಸರ್ ಕೌಶಿಕ್ ಅವರನ್ನು ಯಾರೋ ಇರಿದು ಕೊಂದರು. ಕೂಗು ಕೇಳಿ ನಾನು ಬಾಗಿಲಿಗೆ ಬಂದಾಗ, ಸುಮಾರು 40 ಮೀಟರ್ ದೂರದಲ್ಲಿ ಕೆಲಸದ ನೀಲಿ ಕವರಾಲ್ ತೊಟ್ಟ ಒಬ್ಬ ವ್ಯಕ್ತಿ ಗೇಟಿನ ಕಡೆ ಓಡುತ್ತಿದ್ದ. ಬೆನ್ನು ಮಾತ್ರ ಕಂಡಿತು. ನಮ್ಮಲ್ಲಿ 31 ಜನ ಅದೇ ಕವರಾಲ್ ತೊಡುತ್ತಾರೆ.

ವೆಲ್ಡರ್‌ಗಳಾದ ದೀಪೇಶ್ ಮತ್ತು ಉಗ್ಗಪ್ಪ ನಮ್ಮ ಕಡೆಯಿಂದಲೇ ವಲಸೆ ಬಂದವರು. ಭಾನುವಾರ ವಸತಿ ಕಟ್ಟಡದ ನೆಲಮಟ್ಟದ ತೆರೆದ ಜಾಗವಾದ ವಾಯ್ಡ್ ಡೆಕ್‌ನಲ್ಲಿ ಕೆಲವರನ್ನು ಕೂರಿಸಿಕೊಂಡು, ಯಾರಿಗೂ ಯಜಮಾನ ಬೇಡ, ಸರ್ಕಾರವೂ ಬೇಡ ಎಂದು ಓದಿ ಚರ್ಚಿಸುತ್ತಿದ್ದರು. ತಾವು ಅರಾಜಕತಾವಾದಿಗಳು ಎನ್ನುತ್ತಿದ್ದರು. ದೀಪೇಶ್ ಒಮ್ಮೆ ಕೊಟ್ಟ ಕರಪತ್ರವನ್ನು ನಾನು ಅವನೆದುರೇ ಕಸದ ಬುಟ್ಟಿಗೆ ಹಾಕಿದ್ದೆ. ಅವನು ನನ್ನ ಕೈಯಲ್ಲಿದ್ದ ಭಾರದ ಪೆಟ್ಟಿಗೆ ಇಸಿದುಕೊಂಡು ರ‍್ಯಾಕ್‌ನಲ್ಲಿಟ್ಟು ಹೋದ.

ದಿನಾಂಕ 14ರಂದು ಕೊಲೆಯ ಶಂಕೆಯ ಮೇಲೆ ಅವರಿಬ್ಬರ ಬಂಧನವಾಯಿತು. ಆ ಕರಪತ್ರದ ಫೋಟೋ ಎಲ್ಲರ ಫೋನಿಗೂ ಬಂತು. ಅದನ್ನು ನಾನು ಎಂಆರ್‌ಟಿ ರೈಲಿನಲ್ಲಿ ಮೂರು ಸಲ ಓದಿದೆ. 16ರಂದು ಮೊದಲ ಹೇಳಿಕೆಗಾಗಿ ಪೊಲೀಸ್ ಅಧಿಕಾರಿಗಳು ಕೇಳಿದಾಗ, ಓಡಿದವನು ದೀಪೇಶ್ ಎಂದೆ. ಖಚಿತವೇ ಎಂದು ಎರಡು ಸಲ ಕೇಳಿದರು. ಹೌದೆಂದೆ. ಕೌಶಿಕ್ ನನಗೆ ತಮ್ಮನಂತಿದ್ದರು. ಯಾರಾದರೂ ಸಿಕ್ಕಿಬೀಳಲೇಬೇಕು ಎನಿಸಿತ್ತು.

ದಿನಾಂಕ 05-11-2025ರಂದು ಕೋರ್ಟಿನಲ್ಲಿ, ಬೆನ್ನು ನೋಡಿ ಹೇಗೆ ಗುರುತಿಸಿದಿರಿ ಎಂದು ದೀಪೇಶ್ ಪರ ವಕೀಲರು ಕೇಳಿದರು. ಅವನು ಒಮ್ಮೆ ತಿರುಗಿ ನೋಡಿದ್ದ ಎಂದು ಉತ್ತರಿಸಿದೆ. ಅದು ಸುಳ್ಳು. ದೀಪೇಶ್ ನನ್ನಿಂದ ಆರು ಮೀಟರ್ ದೂರದಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದ.

ಅಂದು ಸಂಜೆ 6.30ಕ್ಕೆ ಮನೆಯಲ್ಲಿ, ಇಲ್ಲೇ ಹುಟ್ಟಿ ಬೆಳೆದು ಇಲ್ಲಿನವರಂತೆ ಮಾತಿನ ಕೊನೆಗೆ ‘ಲಾ’ ಸೇರಿಸುವ ನನ್ನ ಮಗಳು ಯಶ್ಮಿತಾ, ವಯಸ್ಸು 20, ಕೇಳಿದಳು: “ಅಮ್ಮಾ, ನೀನು ಅವನ ಫೇಸ್ ನೋಡಿದ್ಯಾ, ಇಲ್ಲ ಪ್ಯಾಂಫ್ಲೆಟ್ ನೋಡಿ ಡಿಸೈಡ್ ಮಾಡಿದ್ಯಾ? ಅವನನ್ನ ಹ್ಯಾಂಗ್ ಮಾಡ್ತಾರೆ ಲಾ.”

ಇಂದು ಬೆಳಿಗ್ಗೆ 7.10ಕ್ಕೆ ಕೌಶಿಕ್ ಅವರ ಹೆಂಡತಿ ಮೈಥಿಲಿಗೆ ಫೋನ್ ಮಾಡಿ, ಹೇಳಿಕೆ ಬದಲಿಸುವುದಾಗಿ ತಿಳಿಸಿದೆ. ಆಕೆ, “ಹಾಗಾದ್ರೆ ಯಾರು, ಆಂಟಿ?” ಎಂದಳು.

ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ ನನ್ನ ಮೇಲೂ ಕೇಸ್ ಆಗಬಹುದೆಂದು ಅಧಿಕಾರಿಗಳು ಎಚ್ಚರಿಸಿದ್ದಾರೆ. ಹಾಗಾದರೆ ಓಡಿದವನು ದೀಪೇಶ್ ಅಲ್ಲವೇ ಎಂದೂ ಕೇಳಿದ್ದಾರೆ. ಅಲ್ಲ ಎಂದು ಹೇಳಲಾರೆ. ನನಗೆ ಗೊತ್ತಿಲ್ಲ.

ಮೇಲಿನದನ್ನು ನನಗೆ ಕನ್ನಡದಲ್ಲಿ ಓದಿ ಹೇಳಲಾಗಿದೆ. ಈ ಸಲ ಕಂಡಷ್ಟನ್ನೇ ಹೇಳಿದ್ದೇನೆಂದು ಒಪ್ಪಿ ರುಜು ಮಾಡಿದ್ದೇನೆ.

ಸ್ಥಳ: ಸಿಂಗಪುರ
ದಿನಾಂಕ: 06-11-2025, ಬೆಳಿಗ್ಗೆ 10.40
(ಸಹಿ) ವಿಮಲಾ