ತುರ್ತಿಗೆ ಕೊಟ್ಟ ನಂಬರು

ಕಣ್ಣಾಸ್ಪತ್ರೆಯಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಕೌಂಟರಿನ ಹುಡುಗಿ ಕೋಟು ತೊಟ್ಟ ಹಿರಿಯರೊಬ್ಬರನ್ನು ಕರೆದಳು. ಅವರು ನಿವೃತ್ತ ರಾಯಭಾರಿ ಎಂಬುದು, ಅವಳು ಫಾರಂ ಓದಿದ ಜೋರಿಗೆ, ಆಗಲೇ ನಮಗೆಲ್ಲ ಗೊತ್ತಾಗಿತ್ತು.

"ತುರ್ತು ಇದ್ರೆ ಅಂತ ಕೊಟ್ಟಿದ್ರಲ್ಲ ಸಾರ್, ಆ ನಂಬರಿಗೆ ಮಾಡ್ದೆ. ವಿದೇಶಾಂಗ ಕಚೇರಿ ಅಂದ್ರು. ನೀವ್ಯಾರು ಅಂತ ಅವ್ರಿಗೆ ಗೊತ್ತಿಲ್ವಂತೆ."

"ಮೂವತ್ತೈದು ವರ್ಷ ಯಾವ ದೇಶಕ್ಕೆ ಹೋದ್ರೂ ಅದನ್ನೇ ಬರೀತಿದ್ದೆ ಕಣಮ್ಮ. ಕೈ ತಾನಾಗೇ ಬರೆದುಬಿಡ್ತು."

"ಮನೆಯವ್ರದ್ದು ಕೊಡಿ."

"ಅವಳು ಹೋಗಿ ಆರು ವರ್ಷ ಆಯ್ತು."

"ಮಕ್ಕಳು?"

"ಮಗಳಿದ್ದಾಳೆ. ಅವಳ ಹುಟ್ಟುಹಬ್ಬಕ್ಕೆ ನನ್ನ ಸೆಕ್ರೆಟರಿನೇ ಫೋನ್ ಮಾಡಿ ಕೊಡ್ತಿದ್ರು. ನಂಬರ್ ಅವರ ಹತ್ರಾನೇ ಉಳ್ಕೊಳ್ತು."

"ಅಯ್ಯೋ, ಆಪರೇಷನ್ ಅಂದ್ರೆ ಯಾರಾದ್ರೂ ಒಬ್ಬರು ಬೇಕಲ್ಲ ಸಾರ್, ಜೊತೆಗಿರೋಕೆ, ಏನಾದ್ರೂ ಆದ್ರೆ ತಿಳಿಸೋಕೆ."

"ಗೊತ್ತಮ್ಮ. ಹೊರದೇಶದಲ್ಲಿ ನಮ್ಮವರಿಗೆ ಏನಾದ್ರೂ ಆದ್ರೆ, ಮನೆಯವರಿಗೆ ತಿಳಿಸ್ತಿದ್ದಿದ್ದು ನಾನೇ."

ಅವರು ಹಳೆಯದನ್ನು ಹೊಡೆದುಹಾಕಿ ಇನ್ನೊಂದು ನಂಬರು ಬರೆದರು. ಹುಡುಗಿ ಅದಕ್ಕೆ ಫೋನ್ ಮಾಡಿದಳು. ಅವರ ಕೋಟಿನ ಜೇಬಿನಲ್ಲೇ ಮೊಬೈಲು ಹೊಡೆದುಕೊಂಡಿತು. ಅವರು ಬೆನ್ನು ನೆಟ್ಟಗೆ ಮಾಡಿಕೊಂಡು ಎತ್ತಿದರು.

"ಹೇಳಿ. ಯಾರಿಗೆ ಏನಾಗಿದೆ?"

ಎದುರಿಗೇ ಕೂತಿದ್ದ ಹುಡುಗಿ ಫೋನಿನಲ್ಲೇ ಹೇಳಿದಳು.

"ಇದು ನಿಮ್ದೇ ನಂಬರ್ ಸಾರ್. ಜೊತೆಗೆ ಯಾರೂ ಬಂದಿಲ್ಲ ಅಂದ್ರೆ ಇವತ್ತು ಆಪರೇಷನ್ ಮಾಡಲ್ಲ."

"ಸರಿಯಮ್ಮ. ಮನೆಯವರಿಗೆ ನಾನು ತಿಳಿಸ್ತೀನಿ."

ಫೋನನ್ನು ಜೇಬಿಗಿಟ್ಟು, ಕೋಟಿನ ಗುಂಡಿ ಹಾಕಿಕೊಂಡು, ಬಾಗಿಲ ಕಡೆ ನಡೆದರು.