ಥರ್ಮಾಕೋಲ್ ಗೋಡೆಯ ಮಾಡು

...ನಗಾಡುದು ಎಂತಕ್ಕೆ ಕೊಗ್ಗಣ್ಣ? ನಾನು ಥೂ ಅಂತ ಉಗಿದದ್ದು ನಿಮಗಲ್ಲ ಮಾರಾಯ್ರೆ, ಈ ಗೋಡೆಗೆ. ನೋಡಿ ಇದನ್ನು. ಹೊರಗಿಂದ ಎಷ್ಟು ಚಂದ, ಬೆರಳಲ್ಲಿ ಒತ್ತಿದ್ರೆ ಒಳಗೆ ಹೋಗ್ತದೆ. ಇದು ಗೋಡೆಯಾ? ಮೂರಿಂಚು ಥರ್ಮಾಕೋಲು, ಅದರ ಮೇಲೊಂದು ಬಲೆ, ಬಲೆಯ ಮೇಲೆ ದೋಸೆಯಷ್ಟು ದಪ್ಪ ಸಿಮೆಂಟು. ಕಲ್ಲು ಇರುದು ಅದೆಲ್ಲದರ ಹಿಂದೆ. ಮನೆಯೊಳಗೆ ತಂಪಿರ್ಬೇಕಂತೆ. ಈ ಮನೆಯ ಧಣಿ ಅರಬಿ ಜರ್ಮನಿಯಲ್ಲಿ ಕಲಿತು ಬಂದವ ಅಲ್ವಾ, ಅಲ್ಲಿಯ ಹಾಗೆ ಮನೆಗೆ ಕಂಬಳಿ ಹೊದೆಸಿದ್ದಾನೆ. ಈ ನಿಜ್ವಾ ಊರಿನ ಬಿಸಿಲಿಗೆ ಕಂಬಳಿ! ಹೇಸಿಗೆ ಆಗ್ತದೆ ನನಗೆ.

ಹದಿನಾರು ವರ್ಷ... ಎಪ್ಪತ್ತೊಂಬತ್ತರಲ್ಲಿ ಈ ಒಮಾನಿಗೆ ಬಂದದ್ದು ನಾವಿಬ್ರು, ಒಟ್ಟಿಗೆ. ಮತ್ರಾದ ಗೋದಾಮಿಗೆ ಮಾಡು ಹಾಕಿದ್ದು ಯಾರು? ಸೂರ್ ಬಂದರಿನಲ್ಲಿ, ಆ ಸಮುದ್ರದ ಗಾಳಿಗೆ? ಒಂದಾದ್ರೂ ಬಿದ್ದದ್ದುಂಟಾ? ಬಿದ್ದದ್ದು ಈ ಟೆರೇಸಿನ ಮಾಡೊಂದು. ಅದೂ ನಮ್ಮ ಗುಂಪಿನ ದೇಜಪ್ಪ ಶೀಟು ಹಾಸ್ಲಿಕ್ಕೆ ಮೇಲೆ ಹೋದ ಕೂಡ್ಲೆ, ಮಾಡು ಹೊರುವ ಕಬ್ಬಿಣದ ಆಂಗಲು ಗೋಡೆಯಿಂದ ಕಿತ್ತು ಅವನನ್ನೂ ಕರ್ಕೊಂಡು ಅಂಗಳಕ್ಕೆ ಬಂತು.

ಇಲ್ಲ ಇಲ್ಲ, ಏಳ್ಬೇಡಿ. ಕೂತ್ಕೊಳ್ಳಿ. ನಾಲ್ಕು ಗಂಟೆಗೆ ಕಂಪೆನಿಯ ಎಂಜಿನಿಯರ್ ಬರ್ತಾನೆ. ಬಂದವ ಮೊದಲು ಕೇಳುದು ನಿಮ್ಮನ್ನೇ, ಏಣಿ ಹಿಡ್ಕೊಂಡು ಇದ್ದವರು ನೀವು. ಹೇಳ್ಬೇಕಾದ್ದು ಎರಡೇ ಮಾತು. ಬೋಲ್ಟು ಹೊಡೆದದ್ದು ದೇಜಪ್ಪ. ಅದು ಸುಳ್ಳಾ? ಡ್ರಿಲ್ಲು ಅವನ ಕೈಯಲ್ಲೇ ಇದ್ದದ್ದು. ಇನ್ನೊಂದು, ಪೂವಪ್ಪ ಫೋರ್ಮನ್, ಅಂದ್ರೆ ನಾನು, ಆಂಗಲಿಗೆ ಜೋತು ನೋಡಿದ್ದಾರೆ ಅಂತ. ಅಷ್ಟೇ. ಖಲಾಸ್.

ಯಾಕೆ ಹಾಗೆ ನೋಡುದು? ನಮ್ಮ ಕ್ರಮ ಎಂಜಿನಿಯರಿಗೂ ಗೊತ್ತುಂಟು. ಗೋಡೆಗೆ ಆಂಗಲು ಕೂತ ಮೇಲೆ ಫೋರ್ಮನ್ ಎರಡು ಕೈಯಲ್ಲಿ ಹಿಡಿದು ಜೋತು ಬೀಳ್ಬೇಕು. ಕೆಳಗೆ ನಿಂತು ಎಣಿಸುದು ನೀವು, ನಮ್ಮ ತುಳುವಿನಲ್ಲಿ ಒಂಜಿ, ರಡ್ಡ್, ಮೂಜಿ ಅಂತ, ಹತ್ತು, ಪತ್ತ್ ಆಗುವವರೆಗೆ. ಅದು ಆಗದೆ ಯಾರೂ ಮೇಲೆ ಹೋಗ್ಲಿಕ್ಕಿಲ್ಲ. ಆ ಕ್ರಮ ಮಾಡಿದ್ದೇ ನಾನು. ಪಾಕಿಸ್ತಾನಿಗಳು ತಮಾಷೆ ಮಾಡ್ತಿದ್ರು, ಪೂವಪ್ಪ ಬಾವಲಿ ಅಂತ... ಈಗ ನಗಾಡುದಿಲ್ವಾ ನೀವು?

ದೇಜಪ್ಪನ ವಿಷಯ ನನಗೆ ಗೊತ್ತಿಲ್ವಾ? ಸೊಂಟ ಮುರಿದು ಆಸ್ಪತ್ರೆಯಲ್ಲಿ ಬಿದ್ದಿದ್ದಾನೆ. ಅವನದ್ದೇ ತಪ್ಪು ಅಂತ ಬರೆದ್ರೆ ವೀಸಾ ಕೊಟ್ಟ ಕಫೀಲು ಆಪರೇಷನ್ನಿಗೂ ಕಾಯದೆ ವಿಮಾನ ಹತ್ತಿಸಿ ಕಳಿಸ್ತಾನೆ, ಅದೂ ಗೊತ್ತು. ಆದ್ರೆ ಸೊಂಟ ಹೋದವ ಇನ್ನು ಏಣಿ ಮುಟ್ಲಿಕ್ಕುಂಟಾ? ಊರಿಗೆ ಹೋಗುದು ಅವನಿಗೆ ಹೇಗೂ ಇದ್ದದ್ದೇ. ನಾನೂ ಯಾಕೆ ಹೋಗ್ಬೇಕು, ಹೇಳಿ? ಛೀ... ಮುಖ ತಿರುಗಿಸ್ಬೇಡಿ. ಈ ಮಾತು ನನ್ನ ಬಾಯಿಗೂ ಕಹಿಯೇ.

ಎಂತ ಅದು ಕೈಯಲ್ಲಿ? ಎಲ್ಲಿಂದ ಹೆಕ್ಕಿದ್ರಿ? ಹೌದು, ನಾಲ್ಕಿಂಚಿನ ಬೋಲ್ಟು. ಕಲ್ಲಿಗೆ ಮುಟ್ಟಿದ್ದು ಒಂದಿಂಚೂ ಇಲ್ಲ, ನನಗೂ ಕಣ್ಣುಂಟು. ಉದ್ದದ್ದು ಮಸ್ಕತ್ತಿಂದ ಬರ್ಲಿಕ್ಕೆ ಎಂಟು ದಿನ. ಬಕ್ರೀದಿಗೆ ಇದ್ದದ್ದು ನಾಲ್ಕೇ ದಿನ. ಟೆರೇಸಿನ ನೆರಳಲ್ಲಿ ನೆಂಟರನ್ನು ಕೂರಿಸ್ಬೇಕು ಅಂತ ಅರಬಿ ಬೆಳಗಾದ್ರೆ ಯಲ್ಲಾ, ಸಂಜೆಯಾದ್ರೆ ಯಲ್ಲಾ, ಬೇಗ ಬೇಗ ಅಂತ. ನಾನೆಂತ ಮಾಡುದು? ಗೋಡೆಯೊಳಗೆ ಇಷ್ಟು ಥರ್ಮಾಕೋಲು ಉಂಟು ಅಂತ ಆಗ ನನಗೆ ಯಾರೂ ಹೇಳ್ಲಿಲ್ಲ.

ಎಂತ ತಲೆ ಆಡಿಸುದು?

ಸರಿ. ದೇಜಪ್ಪ ಹೇಳಿದ. ಡ್ರಿಲ್ಲು ಹಾಕಿದ ಕಡೆ ಸಾಬಕ್ಕಿಯ ಹಾಗೆ ಬಿಳಿ ಕಾಳು ಉದುರಿದ್ದನ್ನು ಅಂಗೈಯಲ್ಲಿ ಹಿಡ್ಕೊಂಡು ಬಂದು ತೋರಿಸಿದ. ಇದು ಹಿಡೀಲಿಕ್ಕಿಲ್ಲ ಪೂವಪ್ಪಣ್ಣ, ಅಂದ. ಬಾಯಿ ಮುಚ್ಚಿ ಹೊಡಿ ಅಂದೆ ನಾನು. ಸಿಟ್ಟಿನಲ್ಲಿ ಬಂದ ಮಾತು ಅದು. ನಮ್ಮ ಊರಿನ ಕೆಂಪುಕಲ್ಲಿನ ಗೋಡೆಯಾಗಿದ್ರೆ ನಾಲ್ಕಿಂಚು ಧಾರಾಳ ಆಗ್ತಿತ್ತು. ಆದ್ರೂ ನಾನು ಜೋತು ನೋಡಿದ್ದೇನೆ, ಅದನ್ನು ಮರೀಬೇಡಿ. ಬೆಳಿಗ್ಗೆ ಚಾ ಕುಡಿದು... ಅಲ್ಲ, ಚಾಕ್ಕೆ ಮೊದಲು. ನೀವು ಅಲ್ಲೇ ಇದ್ರಿ.

ಗಾಡಿ ಬಂತು. ಗೇಟಿನ ಹತ್ರ ನಿಲ್ಲಿಸ್ತಾ ಇದ್ದಾನೆ. ಎಷ್ಟು ಎಣಿಸಿದ್ರಿ ಅಂತ ಕೇಳ್ತಾನೆ ಕೊಗ್ಗಣ್ಣ. ಪತ್ತ್ ಅಂತ ಹೇಳಿ. ಈಗ ಒಮ್ಮೆ ನನ್ನ ಎದುರು ಹೇಳಿ, ನೋಡುವ.

ಹೇಳುದಿಲ್ವಾ.

ಒಂಜಿ ಅಂತ ಆದ್ರೂ...

ಥೂ. ನೀವು ಎಣಿಸ್ಲೇ ಇಲ್ಲ. ಎಣಿಸ್ಲಿಕ್ಕೆ ನಾನು ಜೋತು ಬೀಳ್ಬೇಕಲ್ಲ? ಆಂಗಲಿಗೆ ಕೈ ಹಾಕಿದೆ, ಅದು ಮೆಲ್ಲ ಮಿಸುಕಿತು. ಹದಿನಾರು ವರ್ಷದಲ್ಲಿ ಮೊದಲ ಸಲ ನನಗೆ ಹೆದರಿಕೆ ಆಯ್ತು. ಕೈ ತೆಗೆದೆ. ಕೆಳಗೆ ಇಳಿದು ಬಂದು ದೇಜಪ್ಪನ ಹತ್ರ, ಎಲ್ಲ ಸರಿ ಉಂಟು, ನೀನು ಮೇಲೆ ಹೋಗು ಅಂದೆ.